ಕೂದಲ ಬುಡದವರೆಗೆ ಕೈ ಹೋಗಲಿ



ಆಟಿ ತಿಂಗಳ ಒಂದು ಬೆಳಗ್ಗೆ. ಹೊರಗೆ ಹನಿ ಕಡಿಯದ ಮಳೆ. ಬೆಳ್ತಂಗಡಿ ತಾಲೂಕಿನ ಒಳಗಿನ ಹಳ್ಳಿಯಿಂದ ಒಬ್ಬರು ಅಜ್ಜಿ ಆಸ್ಪತ್ರೆಗೆ ಬಂದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಬೈರಾಸಿನಲ್ಲಿ ಸುತ್ತಿಕೊಂಡ ಬಿಳಿ ಪೊಮೇರಿಯನ್ ಹೆಣ್ಣು ನಾಯಿ. "ಡಾಕ್ಟ್ರೇ, ಎರಡು ದಿನದಿಂದ ಇದು ಅನ್ನ ಮುಟ್ಟುವುದಿಲ್ಲ. ಮೂಲೆಯಲ್ಲಿ ಹೋಗಿ ಮಲಗುತ್ತದೆ. ಎಂತ ಆಗಿದೆ ಅಂತಲೇ ಗೊತ್ತಾಗುವುದಿಲ್ಲ" ಅಂದರು.

ಮೇಜಿನ ಮೇಲೆ ನಿಲ್ಲಿಸಿದೆ. ನೋಡುವುದಕ್ಕೆ ನಾಯಿ ಚೆಂದ ಇತ್ತು. ಕೂದಲು ಬಾಚಿತ್ತು, ಹೊಳೆಯುತ್ತಿತ್ತು. ಎಡಗಿವಿಯ ಹಿಂದೆ ಬೆರಳು ತೂರಿಸಿದೆ. ಮೇಲೆ ಹತ್ತಿಯಷ್ಟು ಮೆತ್ತಗೆ, ಅದರ ಅಡಿಯಲ್ಲಿ ತೆಂಗಿನ ನಾರನ್ನು ಒದ್ದೆ ಮಾಡಿ ಉಂಡೆ ಕಟ್ಟಿದ ಹಾಗೆ ಒಂದು ಗಟ್ಟಿ ಗಂಟು. ಬೆರಳು ಮುಟ್ಟಿದ ಕೂಡಲೇ ನಾಯಿ ಕುಂಯ್ ಎಂದಿತು. ಮೆಷಿನ್ ಹಿಡಿದು ಮೆಲ್ಲ ಮೆಲ್ಲನೆ ಆ ಗಂಟು ಬಿಡಿಸಿದೆ. ಕೆಳಗಿನ ಚರ್ಮ ಕೆಂಪಾಗಿ, ಬೆಂದ ಹಾಗೆ ಆಗಿತ್ತು. ನಡುವೆ ಒಂದು ಗಾಯ, ಗಾಯದೊಳಗೆ ಹುಳ.

ಅಜ್ಜಿ ಬೈರಾಸಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದರು. "ನಾನು ದಿನಾ ಬಾಚುತ್ತಿದ್ದೆನಲ್ಲ ಡಾಕ್ಟ್ರೇ" ಅಂದರು. ಅವರ ಮಾತು ನಿಜವೇ. ಅವರು ದಿನಾ ಬಾಚುತ್ತಿದ್ದರು. ಆದರೆ ಬಾಚಣಿಗೆ ಮೇಲೆ ಮೇಲೆ ಹೋಗುತ್ತಿತ್ತು, ಬುಡದವರೆಗೆ ಇಳಿಯುತ್ತಿರಲಿಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಊರುಗಳ ಸುತ್ತಮುತ್ತ ಪಶುವೈದ್ಯನಾಗಿ ಬದುಕು ಕಳೆದವನು ನಾನು. ಇಂದು ನಿಮ್ಮ ಮುಂದೆ ಹೇಳುವುದಕ್ಕಿರುವುದು ಇದೊಂದೇ ಮಾತು. ಉದ್ದ ಕೂದಲಿನ ಸಣ್ಣ ನಾಯಿಯನ್ನು ಮನೆಗೆ ತಂದವರು ದಿನಕ್ಕೆ 10 ನಿಮಿಷ ಅದರ ಕೂದಲಿನ ಬುಡದವರೆಗೆ ಕೈ ಹಾಕಿ ನೋಡಬೇಕು. ಉಳಿದ ಎಲ್ಲ ಆರೈಕೆಯೂ ಆ 10 ನಿಮಿಷದಿಂದಲೇ ಶುರುವಾಗುತ್ತದೆ.

ಈ ನಾಯಿಗಳು ಎಲ್ಲಿಂದ ಬಂದವು ಎಂದು ನೆನಪಿಟ್ಟುಕೊಂಡರೆ ಅವುಗಳ ಕಷ್ಟ ನಮಗೆ ಅರ್ಥವಾಗುತ್ತದೆ. ಪೊಮೇರಿಯನ್ ಎಂಬ ಹೆಸರು ಬಂದದ್ದು ಯುರೋಪಿನ ಬಾಲ್ಟಿಕ್ ಸಮುದ್ರದ ದಂಡೆಯ ಪೊಮೇರಾನಿಯಾ ಎಂಬ ಚಳಿಯ ಸೀಮೆಯಿಂದ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ 1888ರಲ್ಲಿ ಇಟಲಿಯ ಫ್ಲಾರೆನ್ಸಿಗೆ ಹೋದಾಗ ಮಾರ್ಕೊ ಎಂಬ ನಾಯಿಯನ್ನು ಪಡೆದರು. ಆಮೇಲೆ ಈ ಜಾತಿ ಲೋಕಪ್ರಸಿದ್ಧವಾಯಿತು. ನಮ್ಮ ಮನೆಗಳಲ್ಲಿ ಪೊಮೇರಿಯನ್ ಎಂದು ಕರೆಯುವ ಬಿಳಿ ನಾಯಿಗಳಲ್ಲಿ ಹೆಚ್ಚಿನವು ಅದರ ದಾಯಾದಿಯಾದ ಇಂಡಿಯನ್ ಸ್ಪಿಟ್ಜ್. 1994ರ 'ಹಮ್ ಆಪ್ಕೆ ಹೈ ಕೌನ್' ಹಿಂದಿ ಸಿನಿಮಾದ ಟಫಿಯನ್ನು ನೋಡಿ ಎಷ್ಟೋ ಮನೆಯ ಮಕ್ಕಳು ಇಂಥದ್ದೇ ನಾಯಿ ಬೇಕು ಎಂದು ಹಠ ಹಿಡಿದದ್ದು ನನಗೆ ನೆನಪಿದೆ. ಲಾಸಾ ಆಪ್ಸೊ ಮತ್ತು ಶಿಹ್ ಟ್ಜು ಎರಡಕ್ಕೂ ಮೂಲ ಟಿಬೆಟ್. ಹಿಮ ಬೀಳುವ ಎತ್ತರದ ನಾಡಿನ ಮಠಗಳಲ್ಲಿ ಬಾಗಿಲ ಒಳಗಿನ ಕಾವಲಿಗೆ ಲಾಸಾ ಆಪ್ಸೊ ಇರುತ್ತಿತ್ತು.

ಅಂಥ ಚಳಿಗೆಂದು ದೇವರು ಹೊದಿಸಿದ ಕಂಬಳಿಯನ್ನು ಹೊತ್ತುಕೊಂಡು ಈ ಜೀವಗಳು ನಮ್ಮಲ್ಲಿಗೆ ಬಂದಿವೆ. ನಮ್ಮದೋ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಾಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗುವುದಿಲ್ಲ. ಹೀಗಿರುವಾಗ ನಾಯಿಯ ಮೈ ತಾನಾಗಿ ಒಣಗುವುದು ಹೇಗೆ? ತಂದವರು ನಾವು. ಆದ್ದರಿಂದ ನೋಡಿಕೊಳ್ಳುವ ಹೊಣೆಯೂ ನಮ್ಮದು.

ಮೊದಲು ಬಾಚುವ ಕ್ರಮ ಹೇಳುತ್ತೇನೆ. ಎರಡು ಸಾಧನ ಸಾಕು: ಒಂದು ಸ್ಟೀಲಿನ ಬಾಚಣಿಗೆ, ಇನ್ನೊಂದು ತೆಳ್ಳಗಿನ ತಂತಿ ಹಲ್ಲುಗಳ ಬ್ರಷ್. ಮನೆಯಲ್ಲಿ ಹೆಣ್ಣುಮಕ್ಕಳಿಗೆ ಬೈತಲೆ ತೆಗೆಯುವ ಹಾಗೆ ಕೂದಲನ್ನು ಬೇರ್ಪಡಿಸಿ. ಆ ಗೆರೆಯಲ್ಲಿ ಬಿಳಿ ಚರ್ಮ ಕಣ್ಣಿಗೆ ಕಾಣಬೇಕು. ಬುಡವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಮೊದಲು ತುದಿಯ ಸಿಕ್ಕು ಬಿಡಿಸಿ, ಆಮೇಲೆ ನಡು, ಕೊನೆಗೆ ಬುಡ. ಮಗಳ ಉದ್ದ ಜಡೆ ಹೆಣೆದ ತಾಯಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಒಂದು ಗೆರೆ ಮುಗಿದ ಮೇಲೆ ಅರ್ಧ ಇಂಚು ಪಕ್ಕದಲ್ಲಿ ಇನ್ನೊಂದು ಗೆರೆ.

ಸಿಕ್ಕು ಕಟ್ಟುವ ಜಾಗಗಳು ಐದು: ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ, ಬಾಲದ ಬುಡದಲ್ಲಿ. ಸಮಯ ಇಲ್ಲದ ದಿನ ಇವಿಷ್ಟನ್ನಾದರೂ ನೋಡಿ. ಗಂಟು ಸಣ್ಣದಿದ್ದರೆ ಎರಡು ಹನಿ ತೆಂಗಿನೆಣ್ಣೆ ಹಚ್ಚಿ ಬೆರಳಲ್ಲೇ ಎಳೆ ಎಳೆಯಾಗಿ ಬಿಡಿಸಿ. ಹಲಸಿನ ಕಾಲದಲ್ಲಿ ಅಂಗಳದಲ್ಲಿ ಬಿದ್ದ ಮೇಣ ಹೊಟ್ಟೆಯ ಕೂದಲಿಗೆ ಅಂಟಿಕೊಂಡರೂ ಇದೇ ಮದ್ದು. ತೆಂಗಿನೆಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಮೇಣ ಸಡಿಲವಾಗುತ್ತದೆ. ಸೀಮೆಎಣ್ಣೆ, ಪೆಟ್ರೋಲು ಹಚ್ಚಬೇಡಿ. ಚರ್ಮ ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ.

ಗಂಟು ದೊಡ್ಡದಾದರೆ ಕತ್ತರಿ ಹಾಕುವ ಮೊದಲು ಒಂದು ಮಾತು ಕೇಳಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಒಂದು ಲಾಸಾ ನಾಯಿಯ ಗಂಟನ್ನು ಮೇಲೆತ್ತಿ ಹಿಡಿದು ಕತ್ತರಿ ಹಾಕಿದೆ. ಗಂಟಿನ ಜೊತೆಗೆ ಚರ್ಮವೂ ಡೇರೆಯ ಹಾಗೆ ಮೇಲೆದ್ದು ನಿಂತಿದೆ ಎಂದು ನನಗೆ ಹೊಳೆಯಲಿಲ್ಲ. ಎರಡು ಹೊಲಿಗೆ ಬಿತ್ತು. ಆ ನಾಯಿ ಕೂಗಿದ ಕೂಗು ಇವತ್ತಿಗೂ ಕಿವಿಯಲ್ಲಿದೆ. ಚರ್ಮಕ್ಕೂ ಗಂಟಿಗೂ ನಡುವೆ ಬಾಚಣಿಗೆ ತೂರಿಸಲು ಸಾಧ್ಯವಾದರೆ ಮಾತ್ರ ಆ ಬಾಚಣಿಗೆಯ ಮೇಲಿನಿಂದ ಕತ್ತರಿಸಿ. ಬಾಚಣಿಗೆ ಹೋಗದಿದ್ದರೆ ವೈದ್ಯರ ಬಳಿಗೆ ತನ್ನಿ.

ಇನ್ನು ಸ್ನಾನ. ಬಾಚದೆ ಸ್ನಾನ ಮಾಡಿಸಬಾರದು. ನೀರು ಬಿದ್ದ ಗಂಟು ಹಗ್ಗದ ಹಾಗೆ ಬಿಗಿಯುತ್ತದೆ. ಎರಡು ಮೂರು ವಾರಕ್ಕೊಮ್ಮೆ ಉಗುರು ಬೆಚ್ಚಗಿನ ನೀರು, ನಾಯಿಗೆಂದೇ ಬರುವ ಶಾಂಪೂ. ನಮ್ಮ ಸ್ನಾನದ ಸೋಪು, ಬಟ್ಟೆ ಸೋಪು ಬೇಡ. ನಾಯಿಯ ಚರ್ಮ ನಮ್ಮದಕ್ಕಿಂತ ತೆಳು, ಅದರ ಹುಳಿ–ಕ್ಷಾರದ ಹದವೂ ಬೇರೆ; ನಮ್ಮ ಸೋಪಿಗೆ ಅದು ಒಣಗಿ ಬಿರಿಯುತ್ತದೆ. ಕಿವಿಯೊಳಗೆ ನೀರು ಹೋಗದಂತೆ ಹತ್ತಿ ಇಡಿ, ಆಮೇಲೆ ನೆನಪಿನಿಂದ ತೆಗೆಯಿರಿ.

ಮೀಯಿಸುವುದಕ್ಕಿಂತ ಒಣಗಿಸುವುದು ದೊಡ್ಡ ಕೆಲಸ. ಬೈರಾಸಿನಿಂದ ಉಜ್ಜಬೇಡಿ, ಒತ್ತಿ ಒತ್ತಿ ನೀರು ಹೀರಿಸಿ. ಆಮೇಲೆ ಫ್ಯಾನಿನ ಕೆಳಗೆ ಕೂರಿಸಿ ಬಾಚುತ್ತಾ ಒಣಗಿಸಿ. ಹೇರ್ ಡ್ರೈಯರ್ ಇದ್ದರೆ ಕಡಿಮೆ ಬಿಸಿಯಲ್ಲಿ, ಒಂದು ಮೊಳ ದೂರದಿಂದ. ಬಚ್ಚಲೊಲೆಯ ಹತ್ತಿರ ತಾನಾಗಿ ಒಣಗಲಿ ಎಂದು ಬಿಟ್ಟರೆ ಹೊರಗೂದಲು ಬಿಸಿಯಾಗುತ್ತದೆ, ಒಳಗಿನ ತುಪ್ಪಳ ಒದ್ದೆಯಾಗಿಯೇ ಉಳಿಯುತ್ತದೆ. ಪೊಮೇರಿಯನ್ ಜಾತಿಗೆ ಹೊರಗೊಂದು ಒರಟು ಕೂದಲು, ಒಳಗೊಂದು ಉಣ್ಣೆಯಂಥ ತುಪ್ಪಳ, ಹೀಗೆ ಎರಡು ಪದರ. ಒಳಪದರದಲ್ಲಿ ನಿಂತ ಒದ್ದೆಯೇ ಬೂಷ್ಟಿಗೆ, ಗಜಕರ್ಣಕ್ಕೆ, ನೊಣ ಮೊಟ್ಟೆ ಇಟ್ಟು ಹುಳವಾಗುವುದಕ್ಕೆ ದಾರಿ. ಗಜಕರ್ಣ ನಾಯಿಯಿಂದ ಮನೆಯ ಮಕ್ಕಳಿಗೂ ಹರಡುತ್ತದೆ. ನಾಯಿಯ ಮೈಯಲ್ಲಿ ರೂಪಾಯಿ ಅಗಲ ಕೂದಲು ಉದುರಿ ಹೊಟ್ಟು ಏಳುತ್ತಿದ್ದರೆ ತಡಮಾಡದೆ ತೋರಿಸಿ.

ಇಷ್ಟು ಎಲ್ಲರಿಗೂ ಸೇರಿದ ಮಾತು. ಊರಿನಿಂದ ಊರಿಗೆ ಬದಲಾಗುವ ತೊಂದರೆಗಳೂ ಉಂಟು.

ಬಂಟ್ವಾಳದ ಕಡೆ ನೇತ್ರಾವತಿಯ ದಂಡೆ, ತಗ್ಗಿನ ಗದ್ದೆ, ಅಡಿಕೆ ತೋಟ. ಅಲ್ಲಿ ನಾಯಿಯ ಕಾಲು ಹೆಚ್ಚು ಹೊತ್ತು ಕೆಸರಿನಲ್ಲೇ ಇರುತ್ತದೆ. ಬೆರಳ ಸಂದಿಯಲ್ಲಿ ಬೆಳೆದ ಕೂದಲು ಕೆಸರು ಹಿಡಿದುಕೊಂಡು ಹುಣ್ಣಾಗುತ್ತದೆ. ಅಂಗಾಲಿನ ಮಟ್ಟಕ್ಕೆ ಆ ಕೂದಲು ಕತ್ತರಿಸಿ, ತೋಟದಿಂದ ಬಂದ ಕೂಡಲೇ ಕಾಲು ತೊಳೆದು ಒರೆಸಿ. ಕೊಳೆರೋಗ ಬಾರದಂತೆ ಅಡಿಕೆಗೆ ಮದ್ದು ಬಿಡುವ ದಿನಗಳಲ್ಲಿ ನಾಯಿಯನ್ನು ತೋಟಕ್ಕೆ ಬಿಡಲೇಬೇಡಿ. ಬೋರ್ಡೊ ದ್ರಾವಣ ಎಂದರೆ ಮೈಲುತುತ್ತು ಮತ್ತು ಸುಣ್ಣ. ಗಿಡ್ಡ ಕೂದಲಿನ ನಾಯಿಯ ಮೈಯಿಂದ ಅದು ಜಾರಿ ಹೋದೀತು. ಉದ್ದ ಕೂದಲಿನ ನಾಯಿ ಸ್ಪಂಜಿನ ಹಾಗೆ ಹೀರಿಕೊಂಡು ಬಂದು, ಚಾವಡಿಯಲ್ಲಿ ಮಲಗಿ, ಒಂದೊಂದಾಗಿ ತನ್ನ ಕಾಲುಗಳನ್ನು ನೆಕ್ಕುತ್ತದೆ. ಮೈಲುತುತ್ತು ಹೊಟ್ಟೆಗೆ ಹೋದರೆ ವಿಷ.

ನೆರೆ ಇಳಿದ ಮೇಲೆ, ಗದ್ದೆ ತೋಟಗಳಲ್ಲಿ ನೀರು ನಿಂತಾಗ ನಮ್ಮ ಜಿಲ್ಲೆಯಲ್ಲಿ ಇಲಿಜ್ವರದ ಭಯ. ಇಲಿಯ ಮೂತ್ರ ಬೆರೆತ ನೀರಿನಿಂದ ನಾಯಿಗೂ ಅದು ಬರುತ್ತದೆ, ನಾಯಿಯ ಮೂತ್ರದಿಂದ ಮನುಷ್ಯರಿಗೂ ಹರಡಬಹುದು. ಸಂಯುಕ್ತ ಲಸಿಕೆಯಲ್ಲಿ ಇಲಿಜ್ವರದ ಕೆಲವು ಬಗೆಗಳಿಗೆ ರಕ್ಷಣೆ ಉಂಟು. ಮರಿಗೆ 6ರಿಂದ 8 ವಾರವಾದಾಗ ಮೊದಲ ಚುಚ್ಚುಮದ್ದು; 16 ವಾರದವರೆಗೆ ವೈದ್ಯರು ಹೇಳಿದ ಅಂತರದಲ್ಲಿ ಮತ್ತೆ; ಆಮೇಲೆ ವರ್ಷಕ್ಕೊಮ್ಮೆ. 3 ತಿಂಗಳಿಗೆ ರೇಬೀಸ್ ಲಸಿಕೆ, ಅದೂ ವರ್ಷ ವರ್ಷ ತಪ್ಪದೆ. ಮನೆಯೊಳಗಿನ ನಾಯಿಗೆ ಯಾಕೆ ಎಂದು ಕೇಳಬೇಡಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸಿನಿಂದ ಬದುಕಿ ಉಳಿಯುವುದು ಇಲ್ಲವೆನ್ನುವಷ್ಟು ವಿರಳ. ಯಾವ ನಾಯಿ ಕಚ್ಚಿದರೂ ಗಾಯವನ್ನು 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಓಡಿ.

ಬೆಳ್ತಂಗಡಿಯ ಕಡೆ ಬಂದರೆ ಘಟ್ಟದ ಬುಡ, ಕಾಡು, ಗುಡ್ಡೆ. ಅಲ್ಲಿ ಉಣ್ಣಿ ಮತ್ತು ಉಂಬಳ. ಉಣ್ಣಿ ಎಂದರೆ ಬೆಳ್ತಂಗಡಿಯ ಹಿರಿಯರಿಗೆ ಹಳೆಯ ನೆನಪೊಂದು ಬರುತ್ತದೆ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡ ಮಂಗನ ಕಾಯಿಲೆ 1982–83ರ ಸುಮಾರಿಗೆ ಈ ತಾಲೂಕಿನಲ್ಲೂ ಹಬ್ಬಿ ಬಹಳ ಜನರನ್ನು ಬಲಿ ತೆಗೆದುಕೊಂಡಿತು. ಅದನ್ನು ಹರಡುವುದು ಕಾಡಿನ ಉಣ್ಣಿ. ನಮ್ಮ ಮನೆಯ ನಾಯಿಗೆ ಹತ್ತುವ ಕಂದು ಉಣ್ಣಿ ಬೇರೆ ಜಾತಿಯದು. ಆದರೂ ಕಾಡಿಗೆ ಹೋಗಿ ಬಂದ ಉದ್ದ ಕೂದಲಿನ ನಾಯಿ ಅಲ್ಲಿನ ಉಣ್ಣಿಯನ್ನೂ ಮನೆಯೊಳಗೆ ಹೊತ್ತು ತರಬಲ್ಲದು. ದೀಪಾವಳಿ ಕಳೆದು ಮಳೆ ಹಿಡಿಯುವವರೆಗೆ ಅದನ್ನು ಕಾಡಿಗೆ ಕರೆದುಕೊಂಡು ಹೋಗದಿರುವುದು ಒಳ್ಳೆಯದು.

ಕಂದು ಉಣ್ಣಿ ಮಾಡುವ ಕೇಡೂ ಸಣ್ಣದಲ್ಲ. ಅದು ಕಚ್ಚಿದರೆ ನಾಯಿಗೆ ಉಣ್ಣಿ ಜ್ವರ ಬರುತ್ತದೆ. ಜ್ವರ, ಊಟ ಬಿಡುವುದು, ವಸಡು ಬಿಳಿಚುವುದು, ಮೂಗಿನಲ್ಲಿ ರಕ್ತ, ಕಾಫಿ ಬಣ್ಣದ ಮೂತ್ರ: ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ತನ್ನಿ. ಬೇಗ ಬಂದರೆ ಮದ್ದು ಉಂಟು. ಉಣ್ಣಿ ಕಂಡರೆ ಚಿಮಟಿಗೆಯಿಂದ ಚರ್ಮಕ್ಕೆ ತಾಗಿದ ಹಾಗೆ ಹಿಡಿದು ನೇರವಾಗಿ ಎಳೆಯಿರಿ. ಉಗುರಿನಲ್ಲಿ ಕುಕ್ಕಿ ಸಾಯಿಸಬೇಡಿ, ಸೋಪಿನ ನೀರಿಗೆ ಹಾಕಿ, ಕೈ ತೊಳೆದುಕೊಳ್ಳಿ. ಉಂಬಳ ಹಿಡಿದರೆ ಎಳೆಯಬೇಡಿ, ಉಪ್ಪು ನೀರು ಬಿಟ್ಟರೆ ತಾನೇ ಬಿಡುತ್ತದೆ. ಮೂಗಿನೊಳಗೆ ಹೊಕ್ಕಿದ್ದರೆ ಮಾತ್ರ ಮನೆಮದ್ದು ಬೇಡ.

ಒಂದು ಉಣ್ಣಿ ನಾಯಿಯ ಮೈಯಿಂದ ಇಳಿದು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಇಡುವುದು ಎಲ್ಲಿ? ನಮ್ಮ ಗಾರೆ ಮೆತ್ತದ ಕೆಂಪು ಕಲ್ಲಿನ ಗೋಡೆಯ ತೂತುಗಳಲ್ಲಿ, ಜಗಲಿಯ ಬಿರುಕಿನಲ್ಲಿ, ನಾಯಿ ಮಲಗುವ ಗೋಣಿಯ ಮಡಿಕೆಯಲ್ಲಿ. ಆದ್ದರಿಂದ ನಾಯಿಗೆ ಮಾತ್ರ ಮದ್ದು ಹಾಕಿದರೆ ಸಾಲದು. ಗೋಣಿಯನ್ನು ಸುಟ್ಟುಬಿಡಿ, ಒಗೆಯುವ ಬಟ್ಟೆ ಹಾಸಿ, ಗೋಡೆಯ ಬುಡದ ತೂತು ಮುಚ್ಚಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಕೈ ಮುಗಿದು ಹೇಳುತ್ತೇನೆ. ಹಟ್ಟಿಯಲ್ಲಿ ದನಕ್ಕೆಂದು ತಂದಿಟ್ಟ ಉಣ್ಣಿ ಮದ್ದನ್ನು ಅಂದಾಜಿನಲ್ಲಿ ನಾಯಿಗೆ ಹಚ್ಚಬೇಡಿ. ದನದ ತೂಕ 300 ಕಿಲೊ, ನಿಮ್ಮ ನಾಯಿಯದು 4 ಕಿಲೊ. ಹಚ್ಚಿದ್ದು ಕೂದಲಿನಲ್ಲಿ ನಿಲ್ಲುತ್ತದೆ, ನಾಯಿ ನೆಕ್ಕುತ್ತದೆ. ಬಾಯಲ್ಲಿ ನೊರೆ ಬಂದು ನಡುಗುತ್ತಾ ಬಂದ ನಾಯಿಗಳನ್ನು ನಾನು ನೋಡಿದ್ದೇನೆ. ಎಲ್ಲವನ್ನೂ ಉಳಿಸಲಿಕ್ಕೆ ಆಗಲಿಲ್ಲ. ನಾಯಿಯ ತೂಕ ನೋಡಿ ಕೊಡುವ ಮಾತ್ರೆ, ಬೆನ್ನಿಗೆ ಬಿಡುವ ಹನಿ ಸಿಗುತ್ತದೆ. ವೈದ್ಯರನ್ನು ಕೇಳಿ ತನ್ನಿ.

ಮೂಡುಬಿದಿರೆಯಂಥ ಪೇಟೆಯಲ್ಲಿ, ಸುತ್ತಲಿನ ಪದವುಗಳಲ್ಲಿ ಮಾರ್ಚ್‌ನಿಂದ ಮೇವರೆಗೆ ಸೆಕೆಯದೇ ತೊಂದರೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕುವುದೇ ಅದರ ದಾರಿ. ಮೂಗು ಚಪ್ಪಟೆಯಾದ ಶಿಹ್ ಟ್ಜುವಿಗೆ ಅದೂ ಕಷ್ಟ. ಬೆಳಗ್ಗೆ 7ರ ಒಳಗೆ, ಸಂಜೆ ಹೊತ್ತು ಮುಳುಗಿದ ಮೇಲೆ ನಡೆಸಿ. ಡಾಂಬರಿನ ಮೇಲೆ ನಿಮ್ಮ ಅಂಗೈಯನ್ನು ಸ್ವಲ್ಪ ಹೊತ್ತು ಇಡಲು ಆಗದಿದ್ದರೆ ಅದರ ಅಂಗಾಲೂ ತಡೆಯುವುದಿಲ್ಲ. ನಿಲ್ಲಿಸಿದ ಕಾರಿನಲ್ಲಿ ಐದು ನಿಮಿಷವೂ ಬಿಡಬೇಡಿ.

ಸೆಕೆಗೆ ಕೂದಲು ಬೋಳಿಸಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಶಿಹ್ ಟ್ಜು, ಲಾಸಾ ನಾಯಿಗಳ ಕೂದಲು ನಮ್ಮ ತಲೆಗೂದಲಿನಂತೆ ಬೆಳೆಯುತ್ತಲೇ ಇರುತ್ತದೆ. ಅವಕ್ಕೆ ಒಂದು ಇಂಚು ಉಳಿಸಿ ಗಿಡ್ಡ ಮಾಡಬಹುದು, ಮಳೆಗಾಲಕ್ಕೂ ಅದು ಅನುಕೂಲ. ಪೊಮೇರಿಯನ್, ಸ್ಪಿಟ್ಜ್ ನಾಯಿಗಳನ್ನು ಮಾತ್ರ ಬೋಳಿಸಬೇಡಿ. ಆ ಎರಡು ಪದರದ ಕೂದಲು ಬಿಸಿಲನ್ನೂ ತಡೆಯುತ್ತದೆ. ಬೋಳಿಸಿದರೆ ಕೆಲವಕ್ಕೆ ಕೂದಲು ಮತ್ತೆ ಸರಿಯಾಗಿ ಬರುವುದೇ ಇಲ್ಲ. ಉದುರಿದ ಒಳತುಪ್ಪಳವನ್ನು ಬಾಚಿ ತೆಗೆದರೆ ಗಾಳಿ ಆಡುತ್ತದೆ, ಅಷ್ಟು ಸಾಕು.

ಉಳಿದದ್ದನ್ನು ಬೇಗ ಹೇಳುತ್ತೇನೆ. ಕಣ್ಣಿಗೆ ಬೀಳುವ ಕೂದಲನ್ನು ಜುಟ್ಟು ಕಟ್ಟಿ ಅಥವಾ ಕತ್ತರಿಸಿ. ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಕಣ್ಣಿನ ಮೂಲೆ ಒರೆಸಿ, ಒಂದೊಂದು ಕಣ್ಣಿಗೆ ಬೇರೆ ಬೇರೆ ಹತ್ತಿ. ಕಿವಿ ಎತ್ತಿ ಮೂಸಿ ನೋಡಿ. ಹುಳಿ ವಾಸನೆ ಬಂದರೆ, ತಲೆ ಕೊಡವುತ್ತಿದ್ದರೆ ಒಳಗೆ ಸೋಂಕು ಇದೆ. ಕಿವಿ ಜೋತಾಡುವ ನಾಯಿಗಳಿಗೆ ಇದು ಹೆಚ್ಚು. ಚಾರ್ಮಾಡಿ ಘಾಟಿ ಹತ್ತಿದರೆ ಸಿಗುವ ಮೂಡಿಗೆರೆಯ ತೇಜಸ್ವಿಯವರ ಪುಸ್ತಕಗಳನ್ನು ಓದಿದವರಿಗೆ 'ಕಿವಿ' ಎಂಬ ಸ್ಪೇನಿಯಲ್ ನಾಯಿ ನೆನಪಿರಬಹುದು; ಅಂಥ ಕಿವಿಗಳಿಗೆ ಈ ಮಾತು. ಉಗುರನ್ನು ತುದಿ ಮಾತ್ರ ಕತ್ತರಿಸಿ, ಒಳಗೆ ರಕ್ತನಾಳ ಉಂಟು. ಮುಂಗಾಲಿನ ಒಳಬದಿಯ ಹೆಬ್ಬೆರಳಿನ ಉಗುರು ನೆಲ ಮುಟ್ಟುವುದಿಲ್ಲವಾದ್ದರಿಂದ ಸವೆಯುವುದಿಲ್ಲ. ಕೂದಲಿನೊಳಗೆ ಸುರುಳಿ ಸುತ್ತಿ ಮಾಂಸಕ್ಕೆ ಚುಚ್ಚುತ್ತದೆ. ಹಲ್ಲಿಗೆ ನಮ್ಮ ಪೇಸ್ಟ್ ಬೇಡ, ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿ ಉಜ್ಜಿದರೂ ಆಯಿತು.

ಚಿಗಟ ಇದೆಯೋ ಎಂದು ತಿಳಿಯಲು ಬಾಚಿದಾಗ ಉದುರುವ ಕಪ್ಪು ಪುಡಿಯನ್ನು ಒದ್ದೆಯಾದ ಬಿಳಿ ಬಟ್ಟೆಯ ಮೇಲೆ ಹಾಕಿ. ಕೆಂಪಾಗಿ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ನಿಮ್ಮ ನಾಯಿಯ ರಕ್ತವೇ. ಬಾಲದ ಕೆಳಗಿನ ಕೂದಲಿನಲ್ಲಿ ಅಕ್ಕಿಕಾಳಿನಂಥದ್ದು ಅಂಟಿಕೊಂಡಿದ್ದರೆ ಲಾಡಿಹುಳ. ಚಿಗಟವನ್ನು ನುಂಗಿದ ನಾಯಿಗೆ ಅದು ಬರುತ್ತದೆ.

ಊಟಕ್ಕೆ ಕುಚ್ಚಲಕ್ಕಿ ಅನ್ನ ಕೊಡಬಹುದು, ಅದೊಂದೇ ಸಾಲದು. ಮೊಟ್ಟೆ, ಮುಳ್ಳು ತೆಗೆದ ಮೀನು, ಮೂಳೆ ಬಿಡಿಸಿದ ಕೋಳಿ ಜೊತೆಗಿರಲಿ. ಕೂದಲಿನ ಹೊಳಪು ಬರುವುದು ಹೊಟ್ಟೆಯ ಒಳಗಿನಿಂದ. ಬೆಂದ ಕೋಳಿ ಮೂಳೆ, ಬಂಗುಡೆಯ ಮುಳ್ಳು ಗಂಟಲಿಗೆ ಕುತ್ತು. ನೀರುಳ್ಳಿ, ಬೆಳ್ಳುಳ್ಳಿ, ಚಾಕಲೇಟು, ದ್ರಾಕ್ಷಿ ನಾಯಿಗೆ ವಿಷ. ಒಣದ್ರಾಕ್ಷಿ ಹಾಕಿದ ಪಾಯಸವನ್ನು ಪ್ರೀತಿಯಿಂದ ಕೊಟ್ಟರೂ ಕೇಡೇ.

ಒಂದು ನಾಯಿಗೆ ಇಷ್ಟೆಲ್ಲ ಬೇಕೇ ಎಂದು ಕೆಲವರು ಕೇಳುವುದುಂಟು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸುಮಾರು ಕ್ರಿ.ಶ. 950ರ ಒಂದು ವೀರಗಲ್ಲು ಸಿಕ್ಕಿದೆ. ಗಂಗರ ದೊರೆ ಬೂತುಗ ತನ್ನ ವೀರ ಮಣಲೇರನಿಗೆ 'ಕಾಳಿ' ಎಂಬ ಹೆಸರಿನ ನಾಯಿಯನ್ನು ಕೊಟ್ಟಿದ್ದು, ಅದು ಕಾಡುಹಂದಿಯೊಂದಿಗೆ ಹೋರಾಡಿ ತಾನೂ ಸತ್ತದ್ದು ಆ ಕಲ್ಲಿನಲ್ಲಿದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದ ನಾಡು ನಮ್ಮದು. ಮನೆಯ ನಾಯಿಗೆ ದಿನಕ್ಕೆ 10 ನಿಮಿಷ ಕೊಡುವುದು ನಮಗೆ ಹೆಚ್ಚಲ್ಲ.

ಆ ಅಜ್ಜಿಯ ನಾಯಿ ಏನಾಯಿತು ಎಂದು ಹೇಳಿ ಮುಗಿಸುತ್ತೇನೆ. ಹುಳ ತೆಗೆದು, ಮದ್ದು ಹಾಕಿ, ವಾರದ ಕಾಲ ಚುಚ್ಚುಮದ್ದು ಕೊಟ್ಟೆ, ಗಾಯ ಮಾಯಿತು. ಬೈತಲೆ ತೆಗೆದು ಬಾಚುವುದನ್ನು ಅಜ್ಜಿಗೆ ಮೇಜಿನ ಮೇಲೆಯೇ ತೋರಿಸಿಕೊಟ್ಟೆ. ಎರಡು ವರ್ಷ ಕಳೆದ ಮೇಲೆ ಅವರು ಮತ್ತೆ ಬಂದರು. ನಾಯಿ ಚುರುಕಾಗಿತ್ತು, ಊಟ ಮಾಡುತ್ತಿತ್ತು. ಅಜ್ಜಿ ಅದನ್ನು ಅಂಗಾತ ಮಲಗಿಸಿ, ನನ್ನ ಬೆರಳನ್ನು ಹಿಡಿದುಕೊಂಡು ಕೊನೆಯ ಮೊಲೆಯ ಪಕ್ಕಕ್ಕೆ ಒಯ್ದರು. "ಇಲ್ಲಿ ನೋಡಿ ಡಾಕ್ಟ್ರೇ. ಹೆಸರುಕಾಳಿನಷ್ಟು ಒಂದು ಗಂಟು ಉಂಟು. ಮೊನ್ನೆ ಇರಲಿಲ್ಲ" ಅಂದರು.

ಉಂಟು. ಕಣ್ಣಿಗೆ ಕಾಣುವಂಥದ್ದಲ್ಲ, ನನ್ನ ಬೆರಳಿಗೂ ಎರಡನೆಯ ಸಲಕ್ಕೆ ಸಿಕ್ಕಿತು. ಗರ್ಭಕೋಶದ ಶಸ್ತ್ರಚಿಕಿತ್ಸೆ ಆಗದ ಹೆಣ್ಣು ನಾಯಿಗಳಲ್ಲಿ ವಯಸ್ಸಾದಂತೆ ಇಂಥ ಗಡ್ಡೆ ಬರುವುದು ಸಾಮಾನ್ಯ. ಅಷ್ಟು ಸಣ್ಣದಿರುವಾಗಲೇ ತೆಗೆದದ್ದರಿಂದ ಆ ನಾಯಿ ಮತ್ತೆ ಹಲವು ಮಳೆಗಾಲ ಅಜ್ಜಿಯ ಜಗಲಿಯಲ್ಲಿ ಮಲಗಿತು. ಅಜ್ಜಿಗೆ ಕಣ್ಣು ಮಂಜಾಗಿತ್ತು. ಅವರು ನೋಡುತ್ತಿದ್ದುದು ಬೆರಳಿನಿಂದ.

ಇವತ್ತು ಸಂಜೆ ದೀಪ ಹಚ್ಚಿದ ಮೇಲೆ ನಿಮ್ಮ ನಾಯಿಯನ್ನು ಮಡಿಲಿಗೆ ಕರೆಯಿರಿ. ಬಾಚಣಿಗೆ ತೆಗೆದುಕೊಳ್ಳಿ. ಕಿವಿಯ ಹಿಂದಿನಿಂದ ಶುರು ಮಾಡಿ.